ಯಜಮಾನರ ಗೆರೆ

ನ್ಯಾನ್ ಎಂದರೆ ನಮ್ಮ ಭಾಷೆಯಲ್ಲಿ ಬಿಡುವು, ಆರಾಮ. ಹುಟ್ಟಿದ ಮಗುವಿನ ಮುಖ ನೋಡಿ ಆ ಹೆಸರಿಟ್ಟರೋ, ನೋಡದೆಯೇ ಇಟ್ಟರೋ ನಾನರಿಯೆ. ನಾನು ಬಲ್ಲಂತೆ ಆ ಹೆಂಗಸು ಒಂದು ದಿನವೂ ಆರಾಮಾಗಿ ಕೂತವಳಲ್ಲ, ಎದುರಿಗಿದ್ದವರನ್ನು ಕೂರಲು ಬಿಟ್ಟವಳೂ ಅಲ್ಲ. ತುವಾನ್ ಆನ್ ಕಡಲ ದಂಡೆಯಲ್ಲಿ ಸೀಗಡಿ ಗೊಜ್ಜು ಹಾಕಿ ಮಾರುವವರ ಮಗಳು. ಅಲ್ಲಿಂದ, ಸಾಯ್ಗಾನಿನ ಉತ್ತರಕ್ಕಿರುವ ಹಳೆಯ ರಾಜಧಾನಿ ಹ್ವೇ ಪಟ್ಟಣಕ್ಕೆ, ಯಾ ಹೋಯ್ ಬೀದಿಯ ಅಚ್ಚುಕೂಟದ ಮನೆಗೆ ಸೊಸೆಯಾಗಿ ಬಂದಳು. ನಾನು ಕಿಯೆಮ್, ಆ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅವಳು ಬರುವ ಮೊದಲೇ ಅಲ್ಲಿದ್ದೆ, ಈಗಲೂ ಇದ್ದೇನೆ. ತಪ್ಪು ಹುಡುಕುವುದು ನನ್ನ ಕಸುಬು. ಹಾಗಾಗಿ ನಾನು ಯಾರನ್ನಾದರೂ ಹೊಗಳಿದರೆ ನಂಬಬಹುದು.

ಅಚ್ಚುಕೂಟ ಕಟ್ಟಿದವರು ನ್ಯಾನಳ ಮಾವ. ಅವರ ಹೆಸರನ್ನು ಇಲ್ಲಿ ಬರೆಯಬೇಕು, ಆದರೆ ಕೈ ಬರುತ್ತಿಲ್ಲ. ನಮ್ಮಲ್ಲಿ ಹಿರಿಯರ ಹೆಸರು ಹೇಳುವಂತಿಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತ ಮೇಲಂತೂ ಇಲ್ಲವೇ ಇಲ್ಲ. ಅಜ್ಜಿಯ ಹೆಸರು ಯಾವುದೋ ಹಣ್ಣಿನದಾದರೆ ಆ ಮನೆಯವರು ಆ ಹಣ್ಣಿಗೆ ಬೇರೆ ಮಾತು ಹುಡುಕಿಕೊಂಡು ತಿನ್ನುತ್ತಾರೆ. ನಮ್ಮೂರಿನ ದೊಡ್ಡ ಮಾರುಕಟ್ಟೆಯ ಹೆಸರೇ ಒಬ್ಬ ರಾಣಿಗೆ ಅಂಜಿ ಬದಲಾದದ್ದು ಎನ್ನುತ್ತಾರೆ. ಬೇರೆ ಊರಿನವರು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಹ್ವೇಯವರು ಸುಲಭಕ್ಕೆ ಏನನ್ನೂ ಬಿಡುವುದಿಲ್ಲ.

ಯಜಮಾನರ ಹೆಸರು ಹಣ್ಣಿನದ್ದೋ ಹೂವಿನದ್ದೋ ಆಗಿದ್ದರೆ ನಾವು ಬಚಾವಾಗುತ್ತಿದ್ದೆವು. ನಮ್ಮ ಬರಹದಲ್ಲಿ ಇಂಗ್ಲಿಷಿನಂಥ ಅಕ್ಷರಗಳಿಗೆ ದನಿಯ ಗುರುತುಗಳಿರುತ್ತವೆ. ಅಕ್ಷರದ ತಲೆಯ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೆರೆ ಇದ್ದರೆ ದನಿ ತಗ್ಗಿಸಿ ಓದಬೇಕು. ಶಾಲೆಯಲ್ಲಿ ಆ ಗೆರೆಗೆ ಏನು ಹೆಸರೋ ಅದೇ ಯಜಮಾನರ ಹೆಸರು. ದಿನಕ್ಕೆ ಸಾವಿರ ಸಲ ಆ ಗೆರೆಯನ್ನು ಕೈಯಲ್ಲಿ ಹಿಡಿಯುವ ಅಚ್ಚುಕೂಟದಲ್ಲಿ ಒಂದು ಸಲವೂ ಅದರ ಹೆಸರೆತ್ತುವಂತಿರಲಿಲ್ಲ.

ಹಾಗಾಗಿ ಸೀಸದ ಅಚ್ಚುಮೊಳೆ ಜೋಡಿಸುವವರು ಅದನ್ನು ಯಜಮಾನರ ಗೆರೆ ಎನ್ನುತ್ತಿದ್ದರು. ಯಜಮಾನರ 'ಆ' ಕೊಡು, ಯಜಮಾನರ 'ಒ' ಖಾಲಿಯಾಯ್ತು, ಹೀಗೆ. ಉಳಿದ ಅಕ್ಷರಗಳಿಗೆ ಯಾರ ಭಯವೂ ಇರಲಿಲ್ಲ. ಟೊಪ್ಪಿ ಹಾಕಿದ ಒ ಇತ್ತು, ಗಡ್ಡ ಬಿಟ್ಟ ಒ ಇತ್ತು. ಈ ಕಟ್ಟಳೆ ಮಾಡಿದವರು ಯಜಮಾನರಲ್ಲ, ಅವರ ಹೆಂಡತಿ. ಅವರನ್ನು ನಾವೆಲ್ಲ ಮೆ ಎನ್ನುತ್ತೇವೆ, ಅಂದರೆ ಹ್ವೇಯ ಆಡುಮಾತಿನಲ್ಲಿ ಅಜ್ಜಿ. ಅವರ ನಿಜವಾದ ಹೆಸರು ನನಗೆ ಗೊತ್ತಿದೆ. ಅವರಿನ್ನೂ ಬದುಕಿದ್ದಾರೆ, ನಾನೂ ಇನ್ನಷ್ಟು ದಿನ ಬದುಕಬೇಕೆಂದಿದ್ದೇನೆ. ಸೀಸದ ಕಾಲದಲ್ಲಿ ಅಚ್ಚಾದ ಪುಟಗಳನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಿಂದಿರುಗಿಸುತ್ತಿದ್ದವರು ಮೆ. ಮೇಲಿನ ಪೆಟ್ಟಿಗೆ ದೊಡ್ಡಕ್ಷರಕ್ಕೆ, ಕೆಳಗಿನದು ಸಣ್ಣಕ್ಷರಕ್ಕೆ. ಅವರ ಕೈ ನೋಡದೆಯೇ ಖಾನೆ ಹುಡುಕುತ್ತಿತ್ತು.

ಮದುವೆಯಾದ ವಾರದಲ್ಲೇ ನ್ಯಾನ್ ಎಡವಟ್ಟು ಮಾಡಿಕೊಂಡಳು. ಯಜಮಾನರಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಹೊಸ ಸೊಸೆಗೆ ಓದು ಬರುತ್ತದೆಂದು ಹಸ್ತಪ್ರತಿ ಓದಿ ಹೇಳಲು ಕೂರಿಸಿಕೊಂಡರು. ನಡುವೆ ಯಾವುದೋ ಅಪರೂಪದ ಹಳ್ಳಿಯ ಹೆಸರು ಬಂತು. ಬಿಡಿಸಿ ಹೇಳು ಎಂದರು. ಅವಳು ಶಾಲೆಯ ಮಕ್ಕಳ ಹಾಗೆ ರಾಗವಾಗಿ ಅಕ್ಷರ ಬಿಡಿಸುತ್ತ, ಆ ಗೆರೆ ಬಂದಾಗ ಅದರ ಹೆಸರನ್ನೂ ರಾಗವಾಗಿ ಎಳೆದುಬಿಟ್ಟಳು. ಮೊಳೆ ಜೋಡಿಸುವವರ ಕೈಗಳು ಅಲ್ಲಲ್ಲೇ ನಿಂತವು. ಒಳಗಿನಿಂದ ಮೆ ಮೊರ ಹಿಡಿದುಕೊಂಡೇ ಬಂದರು.

ಯಜಮಾನರು ಕನ್ನಡಕ ತೆಗೆದು ಸೊಸೆಯನ್ನು ನೋಡಿದರು. "ಕರೆದ್ಯಲ್ಲ ಮಗಳೇ, ಬಂದೆ. ಏನಾಗ್ಬೇಕಿತ್ತು?"

"ನೀವು ನಗಿ," ಎಂದರು ಮೆ. "ನಾಳೆ ಬೀದಿಯವ್ರೂ ಹೀಗೇ ಕರೀತಾರೆ, ಆಗ್ಲೂ ನಗಿ."

"ಕರೀಲಿ ಬಿಡೇ. ಈ ಅಂಗಡೀಲಿ ಎಲ್ಲ ಮೊಳೆಗೂ ಒಂದೊಂದು ಹೆಸರಿದೆ. ನಂಗೊಬ್ಬನಿಗೇ ಇಲ್ಲ."

ಎಲ್ಲರೂ ಅದನ್ನು ತಮಾಷೆ ಎಂದುಕೊಂಡೆವು. ನ್ಯಾನ್ ಹಾಗೆ ತೆಗೆದುಕೊಳ್ಳಲಿಲ್ಲ. ಆವತ್ತಿನಿಂದ ಅವಳು ಮಾವನ ಪಕ್ಕದ ಮಣೆ ಬಿಡಲಿಲ್ಲ. ಅಕ್ಷರದ ಹೊಟ್ಟೆ ಎಲ್ಲಿ ದಪ್ಪವಾಗಬೇಕು, ಎಲ್ಲಿ ಸಣ್ಣವಾಗಬೇಕು, ಎರಡು ಮೊಳೆಗಳ ನಡುವೆ ಎಷ್ಟು ಗಾಳಿಯಾಡಬೇಕು ಎನ್ನುವುದನ್ನೆಲ್ಲ ಅವರಿಂದಲೇ ಕಲಿತಳು. ಬೈಸಿಕೊಂಡೂ ಕಲಿತಳು, ಎದುರು ಮಾತಾಡಿಯೂ ಕಲಿತಳು. ಯಜಮಾನರು ತೀರಿಕೊಂಡಾಗ ಅತ್ತವರಲ್ಲಿ ಅವಳ ದನಿಯೇ ಜೋರಾಗಿತ್ತು.

ಆಮೇಲೆ ಸೀಸದ ಕಾಲ ಮುಗಿದು ಕಂಪ್ಯೂಟರು ಬಂತು. ಮೊಳೆಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುವುದೆಂದಾಯಿತು. ಹಾಗೆ ಹಾಕಿದವನು ನ್ಯಾನಳ ಗಂಡ ವೊಂಗ್. ಒಳ್ಳೆಯವನು; ಮನೆಯಲ್ಲಿ ದನಿ ಏರಿತೆಂದರೆ ಎದುರಿನ ಕಾಫಿ ಅಂಗಡಿಗೆ ಹೋಗಿ ಕೂತುಬಿಡುವಷ್ಟು ಒಳ್ಳೆಯವನು. ಗುಜರಿಯವನು ಬರುವ ಮೊದಲು ನ್ಯಾನ್ ಪ್ರತಿಯೊಂದು ಮೊಳೆಗೂ ಶಾಯಿ ಬಳಿದು, ನಯವಾದ ಕಾಗದದ ಮೇಲೆ ಅದರ ಗುರುತು ಒತ್ತಿಕೊಂಡಳು. ಇಂಥ ಅಕ್ಷರ ಬೇರೆಲ್ಲೂ ಇಲ್ಲ, ಇದನ್ನು ಕಂಪ್ಯೂಟರಿನ ಫಾಂಟಾಗಿ ನಾನೇ ಬರೆಯುತ್ತೇನೆ ಎಂದಳು. ಮೆ ಕೂಡ ಎರಡೂ ಪೆಟ್ಟಿಗೆಯ ಕೆಲವು ಖಾನೆಗಳ ಮೊಳೆಗಳನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದು, ತೀರಿಕೊಂಡ ಹಿರಿಯರ ಪೂಜೆಯ ಪೀಠದ ಕೆಳಗೆ ತಳ್ಳಿಟ್ಟುಕೊಂಡರು. ಯಾವ ಖಾನೆಗಳು ಎಂದು ಹೇಳಬೇಕಿಲ್ಲ. ಯಾಕೆ ಮೆ, ಎಂದು ಕೇಳಿದ್ದಕ್ಕೆ, "ಇಲಿಗೆ ಹೊಡಿಯೋಕೆ" ಎಂದರು.

ಅಕ್ಷರ ಬರೆಯುತ್ತ ನ್ಯಾನಳ ವರ್ಷಗಳು ಕಳೆದವು. ಬೆಳಿಗ್ಗೆ ಮದುವೆ ಕಾಗದ, ಔಷಧಿ ಅಂಗಡಿಯ ರಸೀತಿ, ಮಧ್ಯಾಹ್ನದ ಮೇಲೆ ಅಕ್ಷರ. ಬರೆದರಷ್ಟೇ ಸಾಲದು, ಒಂದೊಂದಕ್ಕೂ ಹೆಸರು ಕೊಡಬೇಕು. ಯಂತ್ರ ಆ ಹೆಸರು ಹಿಡಿದೇ ಅಕ್ಷರವನ್ನು ಕರೆಯುವುದು. ತಂತ್ರಾಂಶದ ಜೊತೆ ಪರದೇಶದ ಸಿದ್ಧ ಹೆಸರುಗಳ ಪಟ್ಟಿಯೂ ಬಂದಿತ್ತು. ಅದನ್ನು ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು, ನನ್ನ ಕಡೆ ತಿರುಗಿದಳು.

"ಚಿಕ್ಕಪ್ಪ, ನಮ್ಮ ಅಡ್ಡಪಟ್ಟಿ ದ ಇದೆಯಲ್ಲ, ಅದಕ್ಕೆ ಕ್ರೊವೇಷಿಯದ ದ ಅಂತ ಹೆಸರಿಟ್ಟಿದ್ದಾರೆ. ಅದ್ಯಾವ ಊರು?"

"ಊರಲ್ಲ, ದೇಶ. ಯುರೋಪಿನ ಕಡೆ."

"ಅವ್ರ ಅಕ್ಷರಕ್ಕೆ ಅವ್ರ ಹೆಸರಿರ್ಲಿ, ಬೇಡ ಅಂದೋರ್ಯಾರು. ಆದ್ರೆ ಇದು ದಿನಾ ನಮ್ಮ ಸಂತೇಲಿ ಓಡಾಡೋ ಅಕ್ಷರ. ನಾನು ಹೆತ್ತ ಕೂಸಿಗೆ ಕಂಡರಿಯದವ್ರು ಬಂದು ಹೆಸರಿಟ್ಟು ಹೋದ್ರೆ ಸುಮ್ನಿರ್ಲಾ?"

ಸುಮ್ಮನಿರಲಿಲ್ಲ. ಪಟ್ಟಿಯನ್ನು ಪೂರಾ ಅಳಿಸಿದಳು. ನಮ್ಮ ಅಂಗಡಿಯ ಮಾತುಗಳನ್ನೇ ಒಂದೊಂದಾಗಿ ಕೊಟ್ಟಳು. ಟೊಪ್ಪಿ, ಗಡ್ಡ, ಅಡ್ಡಪಟ್ಟಿ, ಮಗುಚಿದ ಟೊಪ್ಪಿ. ಏರುವ ಗೆರೆಗೂ ಚುಕ್ಕೆಗೂ ಶಾಲೆಯ ಹೆಸರನ್ನೇ ಇಟ್ಟಳು. ಇಳಿಯುವ ಗೆರೆ ಬಂದಾಗ ಮಾತ್ರ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಯಜಮಾನ ಎಂದು ಒತ್ತಿದವು. ಅದು ಅವಳಿಗೂ ಗೊತ್ತಾಗಲಿಲ್ಲ, ಪಕ್ಕದಲ್ಲಿ ಕೂತಿದ್ದ ನನಗೂ ಗೊತ್ತಾಗಲಿಲ್ಲ. ಆ ಮನೆಯಲ್ಲಿ ಇದ್ದ ಯಾರಾದರೂ ಹಾಗೆಯೇ ಒತ್ತುತ್ತಿದ್ದರು.

ಆ ವರ್ಷದ ಹೊಸವರ್ಷದ ಹಬ್ಬಕ್ಕೆ ನೆಂಟರು ಬಂದಿದ್ದರು. ಯಾರೋ ನ್ಯಾನಳ ಮಗಳನ್ನು ಹತ್ತಿರ ಕರೆದು, ನಿಮ್ಮಜ್ಜನ ಹೆಸರೇನಮ್ಮ ಎಂದು ಕೇಳಿದರು. ಮಗು ತಡವರಿಸದೆ ಹೇಳಿತು, "ಯಜಮಾನ." ಎಷ್ಟು ಸಂಸ್ಕಾರವಂತ ಮಗು ಎಂದು ಎಲ್ಲರೂ ನಕ್ಕರು. ನ್ಯಾನ್ ಸಕ್ಕರೆ ಹಾಕಿದ ಶುಂಠಿಯ ತಟ್ಟೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು.

"ನಮ್ಮ ಬೀದಿ ನಾಯಿಗೂ ಒಂದು ಹೆಸರಿದೆ," ಎಂದಳು. "ಈ ಮನೆ ಕಟ್ಟಿದವರಿಗೆ ಇಲ್ಲ."

ವೊಂಗ್ ಕಾಫಿ ಅಂಗಡಿಗೆ ಹೋದ. ಹಬ್ಬದ ದಿನ ಅಂಗಡಿ ಮುಚ್ಚಿದ್ದರಿಂದ ಅದರ ಮುಂದಿನ ಕಟ್ಟೆಯ ಮೇಲೆ ಕೂತಿದ್ದ.

ಅಕ್ಷರ ಮುಗಿಯಿತು. ಸಾಯ್ಗಾನಿನ ಒಂದು ಪ್ರಕಾಶನದವರು ಅದನ್ನು ಮೆಚ್ಚಿ, ಮಕ್ಕಳ ಓದುಪುಸ್ತಕಗಳನ್ನೆಲ್ಲ ಅದರಲ್ಲೇ ಅಚ್ಚು ಹಾಕುತ್ತೇವೆ ಎಂದರು. ನ್ಯಾನ್ ಆ ದಿನ ನೆಲದ ಮೇಲೆ ನಡೆಯಲಿಲ್ಲ. ವಾರ ಕಳೆದು ಅಲ್ಲಿಂದ ಮಾದರಿ ಪುಟ ಬಂತು. ಇಳಿಯುವ ಗೆರೆ ಹೊತ್ತ ಅಕ್ಷರ ಒಂದೂ ಇರಲಿಲ್ಲ. ಪುಟದ ತುಂಬ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗ. ನಮ್ಮ ಭಾಷೆಯಲ್ಲಿ ಮನೆ ಎಂಬ ಮಾತಿಗೆ ಆ ಗೆರೆ ಬೇಕು, ಅಜ್ಜಿ ಎಂಬ ಮಾತಿಗೂ ಬೇಕು. ಮನೆಯೂ ಇಲ್ಲದ, ಅಜ್ಜಿಯೂ ಇಲ್ಲದ ಮಕ್ಕಳ ಪುಸ್ತಕ ಅದು. ಅಕ್ಷರ ಬರೆದವರ ಹೆಸರು ಎಂದು ಕೊನೆಯಲ್ಲಿ ಹಾಕಿದ್ದರು; ನ್ಯಾನ್ ಎಂಬುದಕ್ಕೂ ಆ ಗೆರೆ ಬೇಕಾದ್ದರಿಂದ ಅವಳ ಹೆಸರಿನ ನಟ್ಟನಡುವೆಯೂ ತೂತು ಬಿದ್ದಿತ್ತು.

ಪ್ರಕಾಶನದ ಹುಡುಗ ಖಾಂಗ್ ಫೋನ್ ಮಾಡಿದ. ಅವರಲ್ಲಿ ಒಂದು ಕ್ರಮವಿತ್ತು: ಮೊದಲು ಅಕ್ಷರ (ಟೊಪ್ಪಿ, ಗಡ್ಡ ಎಂಬ ಮಾತು ಅವರಲ್ಲೂ ನಡೆಯುತ್ತಿತ್ತು), ಅದರ ಹಿಂದೆ ದನಿಯ ಗುರುತಿನ ಶಾಲೆ ಹೆಸರು. ಅವರ ಯಂತ್ರ ಆ ಹೆಸರಿಗಾಗಿ ಹುಡುಕಿ, ಸಿಗದೆ ಜಾಗ ಖಾಲಿ ಬಿಟ್ಟಿತ್ತು.

"ಅಕ್ಕ, ಬೇರೆದಕ್ಕೆಲ್ಲ ಸರಿಯಾಗೇ ಇಟ್ಟಿದ್ದೀರಿ. ಇದೊಂದಕ್ಕೆ ಯಜಮಾನ ಅಂತ ಯಾಕೆ?"

ಅವಳು ಹೇಳಿದಳು. ಸಾಯ್ಗಾನಿನವರಿಗೆ ನಮ್ಮನ್ನು ಕಂಡರೆ ಅಷ್ಟು ಕನಿಕರ, ಅಷ್ಟು ನಗು.

"ನಮ್ಮ ಯಂತ್ರಕ್ಕೆ ನಿಮ್ಮ ಮಾವನ ಪರಿಚಯ ಇಲ್ಲ ಅಕ್ಕ. ಒಂದ್ಮಾತು ಕೇಳ್ಲಾ? ನಮ್ಮದಲ್ಲ ಅಂತ ಪರದೇಶದ ಹೆಸರನ್ನ ಕಿತ್ತು ಬಿಸಾಕಿದ್ರಿ. ಇದು ನಮ್ಮದೇ ಹೆಸರು. ಇದನ್ಯಾಕೆ ಕಿತ್ತು ಬಿಸಾಕಿದ್ರಿ?"

ಅವಳು ಮಾದರಿ ಪುಟ ಎಳೆದುಕೊಂಡು, ತನ್ನ ಹೆಸರಿನ ತೂತಿನ ಮೇಲೆ ಬೆರಳಿಟ್ಟಳು. ಶನಿವಾರದೊಳಗೆ ಸರಿಯಾಗದಿದ್ದರೆ ಬೇರೆ ಅಕ್ಷರ ನೋಡಿಕೊಳ್ಳುತ್ತೇವೆ ಎಂದು ಹುಡುಗ ಮರ್ಯಾದೆಯಾಗಿಯೇ ಹೇಳಿ ಫೋನಿಟ್ಟ.

ನಾನು ಪಿಸುಮಾತಿನಲ್ಲಿ ಬುದ್ಧಿ ಹೇಳಿದೆ. "ಬರೆದು ಕಳ್ಸಿಬಿಡು ಮಗಳೇ. ಮೆಗೆ ಆ ಪರದೆ ಕಾಣೋದೂ ಇಲ್ಲ. ಇಲ್ದಿದ್ರೆ ಆ ಹುಡುಗನೇ ಅಲ್ಲಿ ಬದಲಾಯಿಸ್ಕೊಳ್ಲಿ."

"ಕದ್ದು ಬರೀಲಾ?" ಅವಳು ಪಿಸುಗುಟ್ಟಲಿಲ್ಲ, ಗಟ್ಟಿಯಾಗಿಯೇ ಕೇಳಿದಳು. "ಅವರೇನು ಕಳ್ಳಮಾಲಾ ಚಿಕ್ಕಪ್ಪ? ಬರೆದ್ರೆ ಈ ಮನೇಲಿ, ಎಲ್ಲರ ಎದುರಿಗೆ ಬರೀತೀನಿ."

ಮೆ ಹಿರಿಯರ ಪೀಠದ ಮುಂದಿನ ಹಲಗೆ ಮಂಚದ ಮೇಲೆ ಕೂತು, ತಾವರೆ ಬೀಜದ ನಡುವಿನ ಕಹಿ ಮೊಳಕೆಯನ್ನು ಕಡ್ಡಿಯಿಂದ ತಳ್ಳಿ ತೆಗೆಯುತ್ತಿದ್ದರು. ಮುಂದಿನ ವಾರ ಯಜಮಾನರ ತಿಥಿ; ಅವರಿಗೆ ತಾವರೆ ಬೀಜದ ಪಾಯಸವೆಂದರೆ ಪ್ರಾಣವಾಗಿತ್ತು.

"ಅಮ್ಮ, ಅಪ್ಪನ ಹೆಸರನ್ನ ಕಂಪ್ಯೂಟರಲ್ಲಿ ಬರೀಬೇಕು," ಎಂದಳು ನ್ಯಾನ್.

ಕಡ್ಡಿ ನಿಂತಿತು. "ಬರೀಲಾ ಅಂತ ಕೇಳ್ತಿದ್ದೀಯೋ, ಬರೀತೀನಿ ಅಂತ ಹೇಳ್ತಿದ್ದೀಯೋ?"

"ಹೇಳ್ತಿದ್ದೀನಿ."

ವೊಂಗ್ ಚಪ್ಪಲಿ ಹುಡುಕಿದ. ನಾನಾದರೂ ಏನಾದರೂ ಮಾಡಬೇಕೆಂದು ನಡುವೆ ಬಾಯಿ ಹಾಕಿದೆ. "ಮೆ, ಯಂತ್ರದ ಹೆಸರಲ್ಲಿ ಗೆರೆ ಗುರುತು ಏನೂ ಹಾಕೋಕೆ ಬರಲ್ಲ, ಬರೀ ಬೋಳು ಅಕ್ಷರ. ಆ ಲೆಕ್ಕದಲ್ಲಿ ಅದು ಯಜಮಾನರ ಹೆಸರೇ ಅಲ್ಲ ಅನ್ನಬಹುದು."

"ಟೊಪ್ಪಿ ತೆಗೆದಿಟ್ರೆ ನನ್ ಗಂಡ ಬೇರೆಯವನಾಗ್ತಾನೇನೋ? ನೀನು ನಿನ್ ಕರಡು ನೋಡ್ಕೋ ಹೋಗು."

ನಾನು ಕರಡು ನೋಡಿಕೊಂಡೆ. ಒಂದಕ್ಷರವೂ ಕಾಣಲಿಲ್ಲ.

"ಕಂಡ ಕಂಡ ಹುಡುಗ್ರು ಬೆರಳಲ್ಲಿ ಒತ್ತಿ ಬರೀತಾರೆ, ಬೇಡ ಅಂದ್ರೆ ಒತ್ತಿ ಅಳಿಸ್ತಾರೆ," ಎಂದರು ಮೆ. ಅವರ ದನಿಯಲ್ಲಿ ಸಿಟ್ಟಷ್ಟೇ ಇರಲಿಲ್ಲ. "ಅವರ ಹೆಸರನ್ನ ಯಾರೋ ಅಳಿಸೋದನ್ನ ನಾನು ನೋಡ್ಕೊಂಡಿರ್ಬೇಕಾ?"

"ಅಳಿಸೋಕಾದ್ರೂ ಎಲ್ಲಾದ್ರೂ ಬರೆದಿರ್ಬೇಕಲ್ಲ ಅಮ್ಮ. ಎಲ್ಲಿದೆ? ಗುಡ್ಡದ ಮೇಲೆ ಗೋರಿ ಕಲ್ಲಲ್ಲಿ, ಅದೂ ನಿಮ್ಮ ಮೊಮ್ಮಕ್ಕಳಿಗೆ ಓದಕ್ಕೆ ಬಾರದ ಹಳೇ ಚೀನಿ ಲಿಪೀಲಿ. ನೀವೂ ಹೇಳಲ್ಲ, ನಾವೂ ಹೇಳಲ್ಲ. ನಿಮ್ಮ ಕಾಲ, ನನ್ನ ಕಾಲ ಮುಗಿದ ಮೇಲೆ ಹೇಳೋರ್ಯಾರು? ಇಷ್ಟು ಮರ್ಯಾದೆ ಕೊಟ್ಟು ಕೊಟ್ಟು ಅವರನ್ನ ಇಲ್ಲ ಅನ್ನಿಸಿಬಿಟ್ರಲ್ಲ."

ಮೆಯ ಮುಖ ಕಪ್ಪಿಟ್ಟಿತು. "ಬರೆದ್ರೆ ಈ ಸಲದ ತಿಥಿಗೆ ನೀನು ಊದುಬತ್ತಿ ಹಚ್ಚೋ ಹಾಗಿಲ್ಲ."

ಅದು ಸಣ್ಣ ಮಾತಲ್ಲ. ಊದುಬತ್ತಿ ಹಚ್ಚುವಂತಿಲ್ಲ ಎಂದರೆ ನೀನು ಈ ಮನೆಯವಳಲ್ಲ ಎಂದ ಹಾಗೆ. ನ್ಯಾನಳ ಕಣ್ಣು ತುಂಬಿತು, ನಾನೇ ಕಂಡೆ.

"ಬೀದೀಲಿ ನಿಂತು ಹಚ್ತೀನಿ. ಹೊಗೆ ಒಳಗೆ ಬರೋದನ್ನ ನೀವು ಹೇಗೆ ತಡೀತೀರೋ ತಡೀರಿ."

ಅಲ್ಲಿಂದ ಶನಿವಾರದವರೆಗೆ ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು. ನ್ಯಾನ್ ಎಂದಿನಂತೆ ಮೀನಿನ ಹೊಟ್ಟೆಯ ಭಾಗವನ್ನು ಅತ್ತೆಯ ಬಟ್ಟಲಿಗೆ ಹಾಕಿದಳು. ಮೆ ಎಂದಿನಂತೆ ಉಪ್ಪು ಜಾಸ್ತಿ ಎಂದುಕೊಂಡೇ ತಿಂದರು. ಇಬ್ಬರೂ ಜಗ್ಗಲಿಲ್ಲ.

ಶನಿವಾರ ಊಟವಾದ ಮೇಲೆ ಮೆ ಒಂದು ನಿದ್ದೆ ತೆಗೆದರು. ಈಗ ಮಾಡು, ಈಗ ಮಾಡು ಎಂದು ನಾನು ಕಣ್ಸನ್ನೆ ಮಾಡಿದೆ. ನ್ಯಾನ್ ಕೈಕಟ್ಟಿಕೊಂಡು ಕೂತಳು. ಮೆ ಎದ್ದು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ತಾವರೆ ಬೀಜದ ಬುಟ್ಟಿ ಎಳೆದುಕೊಂಡ ಮೇಲೆ ಅವಳು ಸಾಯ್ಗಾನಿಗೆ ಫೋನ್ ಮಾಡಿದಳು.

"ತಮ್ಮಾ, ನಿಮ್ಮ ಕ್ರಮದ ಪ್ರಕಾರ ಒಂದೊಂದೇ ಓದು. ನಾನು ಬರೀತಾ ಹೋಗ್ತೀನಿ. ನಂಗೆ ಎರಡೂ ಕೈ ಬೇಕು, ಫೋನನ್ನ ಮೇಜಿನ ಮೇಲಿಡ್ತೀನಿ." ಹಾಗೆಂದು, ಮನೆಗೆಲ್ಲ ಕೇಳುವ ಗುಂಡಿ ಒತ್ತಿದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ದಿನಗಟ್ಟಲೆ ಕೆಲಸ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ.

ಹುಡುಗ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಪೂರಾ ಸಾಯ್ಗಾನ್ ದನಿ, ಅಂಗಡಿಯ ಗೋಡೆ ಗೋಡೆಗೂ ಬಡಿಯುವಂಥದು.

"'ಆ' ಹುಯೆನ್."

ಈಗ ನಾನೂ ಆ ಹೆಸರು ಬರೆದೆ. ಇಷ್ಟು ಹೊತ್ತು ತಡೆದುಕೊಂಡಿದ್ದೆ.

"ಮಗುಚಿದ ಟೊಪ್ಪಿ ಅ ಹುಯೆನ್. ಟೊಪ್ಪಿ ಅ ಹುಯೆನ್. ಎ ಹುಯೆನ್." ಒಂದೊಂದಕ್ಕೂ ನ್ಯಾನಳ ಬೆರಳು ಟಪಟಪ ಎನ್ನುತ್ತಿತ್ತು. ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಗಳು ತಲೆಯೆತ್ತಿದಳು. ಅವಳಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಅದು ನಿಮ್ಮಜ್ಜನ ಹೆಸರು," ಎಂದಳು. ಮಗು ಬಾಯೊಳಗೇ ಅದನ್ನು ಒಂದು ಸಲ ಹೇಳಿ ನೋಡಿತು.

"ಟೊಪ್ಪಿ ಎ ಹುಯೆನ್. ಇ ಹುಯೆನ್. ಒ ಹುಯೆನ್. ಟೊಪ್ಪಿ ಒ ಹುಯೆನ್."

ನನಗೆ ಮೆಯ ಕಡೆ ನೋಡುವ ಧೈರ್ಯವಿರಲಿಲ್ಲ. ಎದ್ದು ಬಂದು ಫೋನನ್ನು ನೆಲಕ್ಕೆ ಕುಕ್ಕುತ್ತಾರೆ ಎಂದುಕೊಂಡೆ. ಪೀಠದ ಮೇಲಿನ ಚಿತ್ರದಲ್ಲಿ ಯಜಮಾನರು ಕನ್ನಡಕ ಹಾಕಿಕೊಂಡು ನೇರ ನೋಡುತ್ತಿದ್ದರು. ಆ ಹೆಸರು ಆ ಗೋಡೆಗಳ ನಡುವೆ ಕೇಳಿಬಂದು ಎಷ್ಟು ಕಾಲವಾಗಿತ್ತೋ. ಹೊಸ ಸೊಸೆ ಕರೆದದ್ದೇ ಕೊನೆ.

"ಗಡ್ಡದ ಒ ಹುಯೆನ್. ಉ ಹುಯೆನ್. ಗಡ್ಡದ ಉ ಹುಯೆನ್. ಉದ್ದ ಇ ಹುಯೆನ್. ಅಷ್ಟೇ ಅಕ್ಕ, ಮುಗೀತು. ದೊಡ್ಡಕ್ಷರದ್ದನ್ನ ನಾನೇ ಇಲ್ಲಿ ಹಾಕ್ಕೋತೀನಿ, ನಿಮಗ್ಯಾಕೆ ತೊಂದ್ರೆ."

ನ್ಯಾನ್ ಫೋನಿಗೆ ಕೈ ಚಾಚಿದಳು.

"ಇಡ್ಬೇಡ," ಎಂದರು ಮೆ.

ನಾನು ತಿರುಗಿ ನೋಡಿದೆ. ಬುಟ್ಟಿ ಪಕ್ಕಕ್ಕೆ ಸರಿದಿತ್ತು. ಬಿಸ್ಕತ್ತಿನ ಡಬ್ಬಿ ಪೀಠದ ಕೆಳಗಿನಿಂದ ಅವರ ಮಡಿಲಿಗೆ ಬಂದಿತ್ತು, ಮುಚ್ಚಳ ತೆರೆದಿತ್ತು. ಹೆಸರು ಒಂದೊಂದಾಗಿ ಕೇಳಿದ ಹಾಗೆ ಅವರು ಒಂದೊಂದು ಮೊಳೆ ಹೆಕ್ಕಿ ಮಂಚದ ಮೇಲೆ ಸಾಲಾಗಿ ಇಟ್ಟಿದ್ದರು. ಅವರ ಕೈ ಇನ್ನೂ ಡಬ್ಬಿಯೊಳಗೇ ಇತ್ತು.

"ಮೇಲಿನ ಪೆಟ್ಟಿಗೆದು ಯಾಕೆ ಬಿಟ್ಟ ಅವನು?" ಎಂದರು. "ದೊಡ್ಡಕ್ಷರಾನೂ ಇಲ್ಲೇ ಓದ್ಬೇಕು, ಒಂದೂ ಬಿಡ್ದೆ. ಅವನಿಗೆ ಹೇಳು, ನಿಧಾನಕ್ಕೆ ಓದ್ಲಿ."